ಫೈವ್ ನೈಟ್ಸ್ ಅಟ್ ಫ್ರೆಡ್ಡೀಸ್: ಅಭಿಮಾನಿಗಳು ಕಟ್ಟಿದ ಆಟಗಳು

ಅಮೆರಿಕದ ಸ್ಕಾಟ್ ಕಾಥನ್ 2014ರ ಆಗಸ್ಟ್‌ನಲ್ಲಿ ಬಿಡುಗಡೆ ಮಾಡಿದ ‘ಫೈವ್ ನೈಟ್ಸ್ ಅಟ್ ಫ್ರೆಡ್ಡೀಸ್’ ಎಂಬ ಭಯಾನಕ ಕಂಪ್ಯೂಟರ್ ಆಟದ ಜಾಡಿನಲ್ಲಿ ಅದರ ಅಭಿಮಾನಿಗಳು ತಾವೇ ತಯಾರಿಸಿ, ಬಹುಪಾಲು ಪುಕ್ಕಟೆಯಾಗಿ ಹಂಚಿದ ಆಟಗಳ ದೊಡ್ಡ ಸಮೂಹವಿದು. ಇವುಗಳ ಸಾಮಾನ್ಯ ಚೌಕಟ್ಟು ಸರಳ. ಆಟಗಾರ ಒಬ್ಬ ರಾತ್ರಿ ಕಾವಲುಗಾರ. ಹಗಲು ಮಕ್ಕಳನ್ನು ರಂಜಿಸುವ ಯಂತ್ರಬೊಂಬೆಗಳು ಕತ್ತಲಾದ ಮೇಲೆ ತಾವಾಗಿಯೇ ಓಡಾಡುತ್ತವೆ. ಅವು ತನ್ನ ಕೋಣೆಗೆ ನುಗ್ಗದಂತೆ ನೋಡಿಕೊಂಡು ಬೆಳಗಿನ ಆರರವರೆಗೆ ಜೀವ ಉಳಿಸಿಕೊಳ್ಳುವುದಷ್ಟೇ ಅವನ ಕೆಲಸ. ಹೊಡೆದಾಟವಿಲ್ಲ, ಓಡಿಹೋಗಲು ದಾರಿಯಿಲ್ಲ.

ಗೇಮ್ ಜೋಲ್ಟ್‌ನಂಥ ತಾಣಗಳಲ್ಲಿ ಇಂಥ ಆಟಗಳು ಲೆಕ್ಕವಿಲ್ಲದಷ್ಟು ಸಿಗುತ್ತವೆ. ಅವುಗಳಲ್ಲಿ ಹೆಚ್ಚಿನವು ಮೂಲದ ನಕಲಿನ ನಕಲು. ಆದರೆ ಕೆಲವು ಮೂಲದಲ್ಲಿಲ್ಲದ ಕಲ್ಪನೆಯನ್ನು ತಂದವು. ‘ಫೈವ್ ನೈಟ್ಸ್ ಅಟ್ ಕ್ಯಾಂಡೀಸ್’, ‘ಒನ್ ನೈಟ್ ಅಟ್ ಫ್ಲಂಪ್ಟೀಸ್’, ‘ದಿ ಜಾಯ್ ಆಫ್ ಕ್ರಿಯೇಷನ್’, ‘ಪಾಪ್‌ಗೋಸ್’ ಅಂಥವು. ಹವ್ಯಾಸಿಯ ಕೆಲಸವನ್ನು ಮೂಲ ಲೇಖಕನೇ ಗೌರವಿಸಿ ಹಣ ಕೊಟ್ಟು ಬೆಳೆಸಿದ ಉದಾಹರಣೆ ಗೇಮಿಂಗ್ ಜಗತ್ತಿನಲ್ಲಿ ಅಪರೂಪ. ಆ ಕಾರಣಕ್ಕೂ ಈ ಆಟಗಳ ಚರಿತ್ರೆ ಮುಖ್ಯ.

ಭಯದ ಬೇರು

ಈ ಭಯ ಅಮೆರಿಕದ ಒಂದು ನಿರ್ದಿಷ್ಟ ಬಾಲ್ಯಾನುಭವದಿಂದ ಹುಟ್ಟಿದ್ದು. ಅಟಾರಿ ಕಂಪನಿಯ ಸ್ಥಾಪಕರಲ್ಲೊಬ್ಬರಾದ ನೋಲನ್ ಬುಶ್ನೆಲ್ 1977ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಪಿಜ್ಜಾ ಟೈಮ್ ಥಿಯೇಟರ್ ಎಂಬ ಹೋಟೆಲ್ ತೆರೆದರು. ಪಿಜ್ಜಾ ಬೇಯುವವರೆಗೆ ಮಕ್ಕಳು ವಿಡಿಯೋ ಗೇಮ್ ಆಡುತ್ತ, ಚಕ್ ಇ. ಚೀಸ್ ಎಂಬ ಇಲಿ ಮತ್ತು ಅದರ ಸಂಗಡಿಗರ ಹಾಡು ಕೇಳುತ್ತ ಕಾಲ ಕಳೆಯಲಿ ಎಂಬುದು ಅವರ ಲೆಕ್ಕಾಚಾರ. 1980ರಲ್ಲಿ ಶೋಬಿಜ್ ಪಿಜ್ಜಾ ಪ್ಲೇಸ್ ಎಂಬ ಪೈಪೋಟಿಯ ಸಂಸ್ಥೆ ಬಂತು. ಅಲ್ಲಿ ಏರನ್ ಫೆಕ್ಟರ್ ರೂಪಿಸಿದ ರಾಕ್-ಅಫೈರ್ ಎಕ್ಸ್‌ಪ್ಲೋಷನ್ ಎಂಬ ಯಂತ್ರಬೊಂಬೆಗಳ ವಾದ್ಯಮೇಳವಿತ್ತು. ಗಾಳಿಯ ಒತ್ತಡದಿಂದ ನಡೆಯುವ ಕೀಲುಗಳು, ಅವುಗಳ ಮೇಲೆ ರಬ್ಬರ್ ಮುಖ, ಅದರ ಮೇಲೆ ತುಪ್ಪಳ. ಹೊಸದಿದ್ದಾಗ ಇವು ಬೆರಗು ಹುಟ್ಟಿಸುತ್ತಿದ್ದವು. ವರ್ಷಗಳು ಕಳೆದಂತೆ ತುಪ್ಪಳ ಮಾಸಿ, ಕಣ್ಣುರೆಪ್ಪೆಗಳು ಅರ್ಧಕ್ಕೇ ನಿಂತು, ಬಾಯಿ ಹಾಡಿನ ಲಯ ತಪ್ಪಿ ಆಡತೊಡಗಿದಾಗ ಅದೇ ಬೊಂಬೆಗಳು ಪುಟ್ಟ ಮಕ್ಕಳನ್ನು ಅಳಿಸಿದವು. ಮನುಷ್ಯನನ್ನು ಹೆಚ್ಚೂಕಡಿಮೆ ಹೋಲುವ, ಆದರೆ ಪೂರ್ತಿ ಹೋಲದ ವಸ್ತುವನ್ನು ಕಂಡಾಗ ಹುಟ್ಟುವ ಕಸಿವಿಸಿಯ ಬಗ್ಗೆ ಜಪಾನಿನ ಮಸಾಹಿರೊ ಮೋರಿ 1970ರಲ್ಲೇ ಬರೆದಿದ್ದರು. ಈ ಹೋಟೆಲುಗಳಲ್ಲಿ ಒಂದು ಪೀಳಿಗೆಯ ಮಕ್ಕಳು ಅದನ್ನು ಹುಟ್ಟುಹಬ್ಬದ ಕೇಕಿನ ಜೊತೆಗೇ ಅನುಭವಿಸಿದರು. ಚಕ್ ಇ. ಚೀಸ್ ಸಂಸ್ಥೆ ಈಚೆಗೆ ಬೆರಳೆಣಿಕೆಯ ಮಳಿಗೆಗಳನ್ನು ಬಿಟ್ಟು ಉಳಿದೆಡೆ ಈ ಬೊಂಬೆಗಳನ್ನು ತೆಗೆದುಹಾಕುವ ತೀರ್ಮಾನ ಮಾಡಿತು.

ಕಾಥನ್ ಈ ವಸ್ತುವಿಗೆ ಬಂದದ್ದು ಸೋಲಿನ ದಾರಿಯಲ್ಲಿ. ಅವರು ಅದಕ್ಕೆ ಮೊದಲು ಕ್ರೈಸ್ತ ಧಾರ್ಮಿಕ ವಸ್ತುವಿನ ಆಟಗಳನ್ನೂ ಮಕ್ಕಳ ಆಟಗಳನ್ನೂ ಮಾಡಿದ್ದರು. ಬೀವರ್ ಪ್ರಾಣಿಗಳ ಕುಟುಂಬವೊಂದು ಮರದ ವ್ಯಾಪಾರ ನಡೆಸುವ ‘ಚಿಪ್ಪರ್ ಆಂಡ್ ಸನ್ಸ್ ಲಂಬರ್ ಕಂಪನಿ’ ಅವುಗಳಲ್ಲೊಂದು. ಅದರ ಪಾತ್ರಗಳು ಜೀವವಿಲ್ಲದ ಯಂತ್ರಬೊಂಬೆಗಳಂತೆ ಕಂಡು ಹೆದರಿಕೆ ಹುಟ್ಟಿಸುತ್ತವೆ ಎಂದು ವಿಮರ್ಶಕರು ಟೀಕಿಸಿದರು. ನೊಂದ ಕಾಥನ್ ಕೊನೆಗೆ ಬೇಕೆಂದೇ ಹೆದರಿಸುವ ಬೊಂಬೆಗಳನ್ನು ಮಾಡಲು ಕುಳಿತರು.

ಮೂಲ ಆಟದ ಯಂತ್ರ

ಅಭಿಮಾನಿಗಳು ಏನನ್ನು ಅನುಕರಿಸಿದರು, ಎಲ್ಲಿ ಕವಲೊಡೆದರು ಎಂಬುದು ತಿಳಿಯಬೇಕಾದರೆ ಮೊದಲ ಆಟದ ಒಳಗನ್ನು ಹತ್ತಿರದಿಂದ ನೋಡಬೇಕು.

ಕಾವಲುಗಾರ ಮೈಕ್ ಶ್ಮಿಟ್ ಕೂತಿರುವ ಕಚೇರಿಗೆ ಎಡಕ್ಕೊಂದು, ಬಲಕ್ಕೊಂದು ಬಾಗಿಲು. ಪ್ರತಿ ಬಾಗಿಲಿಗೂ ಎರಡು ಗುಂಡಿಗಳು: ಒಂದು ಬಾಗಿಲು ಹಾಕಲು, ಇನ್ನೊಂದು ಹೊರಗಿನ ಮೂಲೆಗೆ ಬೆಳಕು ಬಿಡಲು. ಕೈಯಲ್ಲಿ ಹನ್ನೊಂದು ಕ್ಯಾಮೆರಾಗಳನ್ನು ತೋರುವ ಫಲಕವಿದೆ. ಅವುಗಳಲ್ಲಿ ಅಡುಗೆಮನೆಯ ಕ್ಯಾಮೆರಾ ಕೆಟ್ಟಿದೆ. ಚಿತ್ರ ಬಾರದು, ಪಾತ್ರೆಗಳ ಸದ್ದು ಮಾತ್ರ ಕೇಳುತ್ತದೆ. ಬಾಗಿಲು ಹಾಕಿಟ್ಟರೂ, ದೀಪ ಹಚ್ಚಿದರೂ, ಕ್ಯಾಮೆರಾ ನೋಡಿದರೂ ಕರೆಂಟು ಖರ್ಚಾಗುತ್ತದೆ. ಏನೂ ಮಾಡದೆ ಕೂತರೂ ನಿಧಾನವಾಗಿ ಸೋರುತ್ತಲೇ ಇರುತ್ತದೆ. ರಾತ್ರಿ ಹನ್ನೆರಡರಿಂದ ಬೆಳಗಿನ ಆರರವರೆಗಿನ ಪಾಳಿ ನಿಜದ ಲೆಕ್ಕದಲ್ಲಿ ಒಂಬತ್ತು ನಿಮಿಷದ ಆಸುಪಾಸು. ಅಷ್ಟರೊಳಗೆ ಕರೆಂಟು ಮುಗಿದರೆ ಬಾಗಿಲುಗಳು ತಾವಾಗಿ ತೆರೆದುಕೊಂಡು ಕತ್ತಲು ಕವಿಯುತ್ತದೆ. ಎಡ ಬಾಗಿಲಲ್ಲಿ ಫ್ರೆಡ್ಡಿ ಕರಡಿಯ ಮುಖ ಮಿನುಗುತ್ತದೆ, ಬಿಜೆಯ ‘ಕಾರ್ಮೆನ್’ ಗೀತನಾಟಕದ ಟೊರಿಯಡಾರ್ ಧಾಟಿ ಸಂಗೀತಪೆಟ್ಟಿಗೆಯ ದನಿಯಲ್ಲಿ ಕೇಳುತ್ತದೆ. ಹಾಡು ಮುಗಿಯುವಷ್ಟರಲ್ಲಿ ಆರು ಗಂಟೆ ಹೊಡೆದರೆ ಬದುಕು, ಇಲ್ಲವಾದರೆ ಇಲ್ಲ.

ಬೊಂಬೆಗಳು ನಾಲ್ಕು: ಫ್ರೆಡ್ಡಿ ಕರಡಿ, ಬಾನಿ ಮೊಲ, ಚಿಕಾ ಕೋಳಿ, ಫಾಕ್ಸಿ ನರಿ. ಇವುಗಳ ಓಡಾಟ ಬುದ್ಧಿವಂತಿಕೆಯಂತೆ ಕಂಡರೂ ಒಳಗಿರುವುದು ಪಗಡೆಯ ಲೆಕ್ಕ. ಪ್ರತಿಯೊಂದಕ್ಕೂ ಸೊನ್ನೆಯಿಂದ 20ರವರೆಗಿನ ಒಂದು ಮಟ್ಟ ನಿಗದಿಯಾಗಿರುತ್ತದೆ. ಫ್ರೆಡ್ಡಿಗೆ ಸುಮಾರು ಮೂರು ಸೆಕೆಂಡಿಗೊಮ್ಮೆ, ಉಳಿದವಕ್ಕೆ ಸುಮಾರು ಐದು ಸೆಕೆಂಡಿಗೊಮ್ಮೆ ಹೆಜ್ಜೆಯಿಡುವ ಅವಕಾಶ ಬರುತ್ತದೆ. ಆಗ ಆಟ 1ರಿಂದ 20ರೊಳಗಿನ ಒಂದು ಸಂಖ್ಯೆಯನ್ನು ಎತ್ತುತ್ತದೆ. ಆ ಸಂಖ್ಯೆ ಬೊಂಬೆಯ ಮಟ್ಟವನ್ನು ಮೀರದಿದ್ದರೆ ಬೊಂಬೆ ಜಾಗ ಬದಲಿಸುತ್ತದೆ. ಮಟ್ಟ 20 ಆದರೆ ಅವಕಾಶ ಒಂದೂ ತಪ್ಪುವುದಿಲ್ಲ. ನಾಲ್ಕೂ ಬೊಂಬೆಗಳನ್ನು 20ಕ್ಕೆ ಇಟ್ಟು ರಾತ್ರಿ ಕಳೆಯುವುದು ಅಭಿಮಾನಿ ವಲಯದಲ್ಲಿ ದೊಡ್ಡ ಸಾಧನೆ ಎನಿಸಿತು. ಆ ಸವಾಲನ್ನು ‘4/20’ ಎಂದೇ ಕರೆಯುತ್ತಾರೆ.

ಇನ್ನೊಂದು ಸಂಗತಿಯೇ ಈ ಲೇಖನದ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ. ಫಾಕ್ಸಿ ಪಡಸಾಲೆಯಲ್ಲಿ ಓಡಿಬರುವ ಒಂದು ದೃಶ್ಯ ಬಿಟ್ಟರೆ, ಬೊಂಬೆ ನಡೆಯುವುದನ್ನು ಕ್ಯಾಮೆರಾ ಎಂದೂ ತೋರಿಸುವುದಿಲ್ಲ. ಅದು ಜಾಗ ಬದಲಿಸುವ ಹೊತ್ತಿಗೆ ಪರದೆ ಕರಕರ ಎಂದು ಕೆಡುತ್ತದೆ. ಮತ್ತೆ ಚಿತ್ರ ಬಂದಾಗ ವೇದಿಕೆ ಖಾಲಿ. ಹೆದರಿಕೆಯ ದೃಷ್ಟಿಯಿಂದ ಇದು ಅದ್ಭುತ ಉಪಾಯ, ಕಾಣದ ಹೆಜ್ಜೆಗಳನ್ನು ಆಟಗಾರನ ಮನಸ್ಸೇ ತುಂಬಿಕೊಳ್ಳುತ್ತದೆ. ತಯಾರಿಕೆಯ ದೃಷ್ಟಿಯಿಂದ ಇದು ಉಳಿತಾಯ. ಕಾಥನ್ ಒಬ್ಬರೇ ಕೂತು, ಕೋಣೆಗಳನ್ನೂ ಬೊಂಬೆಗಳನ್ನೂ ಮೊದಲೇ ಬಿಡಿ ಚಿತ್ರಗಳಾಗಿ ತಯಾರಿಸಿ, ಕ್ಲಿಕ್‌ಟೀಮ್ ಫ್ಯೂಷನ್ ಎಂಬ ತಂತ್ರಾಂಶದಲ್ಲಿ ಜೋಡಿಸಿದ್ದರು. ಆ ತಂತ್ರಾಂಶದಲ್ಲಿ ಕೋಡ್ ಬರೆಯಬೇಕಿಲ್ಲ. ‘ಹೀಗಾದರೆ ಹಾಗೆ ಮಾಡು’ ಎಂಬ ನಿಯಮಗಳನ್ನು ಒಂದು ಕೋಷ್ಟಕದಲ್ಲಿ ತುಂಬುತ್ತ ಹೋದರೆ ಸಾಕು.

ಅಂದರೆ, ಒಬ್ಬ ಮನುಷ್ಯ ಮನೆಯ ಕಂಪ್ಯೂಟರಿನಲ್ಲಿ ಮಾಡಬಹುದಾದಷ್ಟೇ ದೊಡ್ಡ ಆಟವಿದು. ಒಂದು ಕೋಣೆ, ಒಂದಷ್ಟು ನಿಶ್ಚಲ ಚಿತ್ರಗಳು, ಒಳ್ಳೆಯ ಧ್ವನಿ, ಕೊನೆಗೆ ಮೈಮೇಲೆ ಎರಗುವ ಒಂದೆರಡು ಸೆಕೆಂಡಿನ ಚಲನಚಿತ್ರ. ಬೇರೆ ಜನಪ್ರಿಯ ಆಟವೊಂದನ್ನು ಮೆಚ್ಚಿದ ಹದಿನೈದರ ಹುಡುಗ ಅದರಂಥದ್ದನ್ನು ತಾನೂ ಮಾಡಬೇಕೆಂದರೆ ನೂರಾರು ಜನರ ಕೆಲಸವನ್ನು ತಲೆಯ ಮೇಲೆ ಹೊರಬೇಕು. ಇಲ್ಲಿ ಹಾಗಿರಲಿಲ್ಲ. ಉಚಿತವಾಗಿ ಸಿಗುವ ಬ್ಲೆಂಡರ್ ಎಂಬ ಮೂರು ಆಯಾಮದ ಚಿತ್ರಗಳ ತಂತ್ರಾಂಶದಲ್ಲಿ ಬೊಂಬೆ ಕಡೆಯಲು ಕಲಿತರೆ ಅರ್ಧ ದಾರಿ ಮುಗಿಯಿತು. ಅಭಿಮಾನಿ ಆಟಗಳ ಮಹಾಪೂರಕ್ಕೆ ಯೂಟ್ಯೂಬ್ ಕಾರಣವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಮಾರ್ಕಿಪ್ಲೈಯರ್‌ನಂಥ ಯೂಟ್ಯೂಬರುಗಳು ಆಡುತ್ತ ಕಿರುಚಿದ ವಿಡಿಯೋಗಳು ಆಟವನ್ನು ಲಕ್ಷಾಂತರ ಮಂದಿಗೆ ಮುಟ್ಟಿಸಿದ್ದು ನಿಜ. ಆದರೆ ನೋಡಿದವರು ತಯಾರಕರಾದದ್ದು ಮೂಲದ ಈ ಮಿತವ್ಯಯದಿಂದ. ಅದಿಲ್ಲದೆ ಬರೀ ಜನಪ್ರಿಯತೆ ಇಷ್ಟು ಆಟಗಳನ್ನು ಹುಟ್ಟಿಸಲಾರದು.

ಕಾಥನ್ ಕೂಡ ಮುಂದಿನ ಭಾಗಗಳನ್ನು ಬಿರುಸಿನಿಂದ ತಂದರು. ಎರಡನೆಯದು 2014ರ ನವೆಂಬರ್, ಮೂರನೆಯದು 2015ರ ಮಾರ್ಚ್, ನಾಲ್ಕನೆಯದು ಅದೇ ವರ್ಷದ ಜುಲೈ. ಎರಡನೆಯ ಭಾಗದಲ್ಲಿ ಬಾಗಿಲುಗಳನ್ನೇ ಕಿತ್ತುಹಾಕಿ ಕಾವಲುಗಾರನಿಗೆ ಫ್ರೆಡ್ಡಿಯ ಮುಖವಾಡ ಕೊಟ್ಟರು. ಒಂದು ನಿಯಮ ಬದಲಿಸಿದರೆ ಇಡೀ ಭಯದ ಬಣ್ಣ ಬದಲಾಗುತ್ತದೆ ಎಂಬುದನ್ನು ಅಭಿಮಾನಿಗಳು ಮೂಲದಿಂದಲೇ ಕಲಿತರು.

ಮುಖ್ಯ ಅಭಿಮಾನಿ ಆಟಗಳು

ಮೊದಲ ಅಲೆಯಲ್ಲಿ ಹೆಸರು ಮಾಡಿದ್ದು 2014ರಲ್ಲೇ ಬಂದ ‘ಫೈವ್ ನೈಟ್ಸ್ ಅಟ್ ಟ್ರೆಷರ್ ಐಲೆಂಡ್’. ಡಿಸ್ನಿ ಸಂಸ್ಥೆ ಕೈಬಿಟ್ಟ ವಿಹಾರಧಾಮವೊಂದರ ಬಗ್ಗೆ ಅಂತರ್ಜಾಲದಲ್ಲಿ ಹರಿದಾಡಿದ ‘ಅಬ್ಯಾಂಡನ್ಡ್ ಬೈ ಡಿಸ್ನಿ’ ಎಂಬ ಭಯಾನಕ ಕಥೆ ಇದಕ್ಕೆ ಪ್ರೇರಣೆ. ಡಿಸ್ನಿ ಫ್ಲಾರಿಡಾದ ಬೇ ಲೇಕ್ ಸರೋವರದ ನಡುಗಡ್ಡೆಯೊಂದನ್ನು 1970ರ ದಶಕದಲ್ಲಿ ಟ್ರೆಷರ್ ಐಲೆಂಡ್ ಎಂಬ ಹೆಸರಿನಲ್ಲೇ ತೆರೆದು 1999ರಲ್ಲಿ ಮುಚ್ಚಿದ್ದೂ ನಿಜ. ಹೀಗಾಗಿ ಆಟದ ಕಲ್ಪನೆಗೆ ಒಂದು ನಿಜವಾದ ಪಾಳುಭೂಮಿಯ ನೆರಳಿದೆ. ಇಲ್ಲಿ ಎದುರಾಗುವುದು ಫೋಟೋ ನೆಗೆಟಿವ್‌ನಂತೆ ಕಪ್ಪು ಬಿಳುಪು ತಿರುವುಮುರುವಾದ ಮಿಕ್ಕಿ ಮೌಸ್. ಕಾವಲುಗಾರನಿಗೆ ಬಾಗಿಲ ಆಸರೆಯಿಲ್ಲ, ಮೇಜಿನಡಿ ಅವಿತುಕೊಳ್ಳಬೇಕು. ಮಕ್ಕಳಿಗೆ ಅತಿ ಪರಿಚಿತವಾದ ಮುಖದ ಬಣ್ಣವನ್ನಷ್ಟೇ ತಿರುಗಿಸಿ ಇಷ್ಟು ಹೆದರಿಸಬಹುದೆಂದು ತೋರಿಸಿದ್ದು ಈ ಆಟದ ಹೆಚ್ಚುಗಾರಿಕೆ. ಯಂತ್ರದ ದೃಷ್ಟಿಯಿಂದ ಅದು ಅಷ್ಟೇನೂ ಗಟ್ಟಿಯಾಗಿರಲಿಲ್ಲ.

‘ಫೈವ್ ನೈಟ್ಸ್ ಅಟ್ ಕ್ಯಾಂಡೀಸ್’ (2015) ಎಮಿಲ್ ಮಾಕೊ ಅವರದು. ಅಭಿಮಾನಿ ಆಟವೊಂದು ಮೂಲಕ್ಕೆ ತೀರ ಹತ್ತಿರ ನಿಂತೂ ಸ್ವಂತಿಕೆ ಉಳಿಸಿಕೊಳ್ಳಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ. ಫ್ರೆಡ್ಡಿಯ ಜಗತ್ತಿನಲ್ಲೇ ಇರುವ ಬೇರೊಂದು ಹೋಟೆಲು, ಕ್ಯಾಂಡೀಸ್ ಬರ್ಗರ್ಸ್ ಆಂಡ್ ಫ್ರೈಸ್, ಇದರ ನೆಲೆ. ಕಾವಲಿಗೆ ಕೂತವಳು ಮೇರಿ ಶ್ಮಿಟ್. ನೀಲಿ ಬೆಕ್ಕು ಕ್ಯಾಂಡಿ, ಗುಲಾಬಿ ಬಣ್ಣದ ಸಿಂಡಿ, ಚಿಂಪಾಂಜಿ ಚೆಸ್ಟರ್, ಒಂದು ಪೆಂಗ್ವಿನ್ ಇಲ್ಲಿನ ಮೇಳ. ಇವೆಲ್ಲಕ್ಕಿಂತ ಮನಸ್ಸಿನಲ್ಲಿ ಉಳಿಯುವುದು ಬ್ಲ್ಯಾಂಕ್. ಅದಕ್ಕೆ ಬಣ್ಣವಿಲ್ಲ, ಗುರುತಿಲ್ಲ. ಮಕ್ಕಳು ತಮಗೆ ತೋಚಿದ್ದನ್ನು ಗೀಚಲೆಂದೇ ಮಾಡಿಟ್ಟ ಬಿಳಿಯ ಬೊಂಬೆ ಅದು. ಹಗಲು ಮಕ್ಕಳ ಕೈಬರಹದ ಗೀಚುಗಳನ್ನು ಮೈತುಂಬ ಹೊತ್ತ ಆ ಬೊಂಬೆ ರಾತ್ರಿ ಗಾಜಿನಾಚೆ ಬಂದು ನಿಲ್ಲುವ ಕಲ್ಪನೆ ಕಾಥನ್‌ಗೂ ಹೊಳೆದಿರಲಿಲ್ಲ. ಕ್ಯಾಮೆರಾಗಳಿಗೆ ಕತ್ತಲಲ್ಲಿ ಕಾಣುವ ನೈಟ್ ವಿಷನ್ ಸೌಲಭ್ಯ ಕೊಟ್ಟದ್ದು ಇನ್ನೊಂದು ಹೊಸತು. ಕತ್ತಲನ್ನು ಹಾಗೆಯೇ ಬಿಡುವುದೋ, ಕಣ್ಣು ಹೊಳೆಯುವ ಹಸಿರು ಚಿತ್ರವನ್ನು ನೋಡುವುದೋ ಎಂಬ ತೀರ್ಮಾನ ಆಟಗಾರನ ಮೇಲೆಯೇ ಬೀಳುತ್ತದೆ. ಮುಂದಿನ ಭಾಗಗಳಲ್ಲಿ ಮಾಕೊ ಹಿಂದಕ್ಕೆ ಹೋಗಿ, ಕ್ಯಾಂಡಿಗಿಂತ ಮೊದಲಿದ್ದ ಬೆಕ್ಕು ಮತ್ತು ಇಲಿಯ ರಂಗಮಂದಿರ, ಅವುಗಳ ಹಿಂದಿನ ದುರಂತ, ಮೇರಿಯ ಕೆಟ್ಟ ಕನಸುಗಳು ಇವನ್ನೆಲ್ಲ ಹೆಣೆದರು. ಮೂರನೆಯ ಭಾಗಕ್ಕೆ ಬರುವಷ್ಟರಲ್ಲಿ ಫ್ರೆಡ್ಡಿಯ ಹಂಗಿಲ್ಲದೆಯೇ ನಿಲ್ಲಬಲ್ಲ ಕಥೆ ಅದಾಗಿತ್ತು. ಮೊದಲ ಭಾಗವನ್ನು ಆಮೇಲೆ ಹೊಸ ಚಿತ್ರಗಳೊಂದಿಗೆ ಮರುರೂಪಿಸಲಾಯಿತು.

‘ಒನ್ ನೈಟ್ ಅಟ್ ಫ್ಲಂಪ್ಟೀಸ್’ (2015) ಇದಕ್ಕೆ ತದ್ವಿರುದ್ಧ ದಾರಿ ಹಿಡಿಯಿತು. ಜೊನೊಕ್ರೋಮ್ ಎಂಬ ಹೆಸರಿನಲ್ಲಿ ಕೆಲಸ ಮಾಡುವ ಜೊನಾಥನ್ ಓಕ್ಮನ್ ಐದು ರಾತ್ರಿಗಳನ್ನು ಒಂದಕ್ಕೆ ಇಳಿಸಿದರು. ಮೂರು ಆಯಾಮದ ತುಪ್ಪಳದ ಬೊಂಬೆಗಳ ಬದಲು ಕಾರ್ಟೂನಿನಂತೆ ಚಪ್ಪಟೆಯಾಗಿ ಬಿಡಿಸಿದ ಪಾತ್ರಗಳನ್ನು ತಂದರು. ನಾಯಕ ಫ್ಲಂಪ್ಟಿ ಬಂಪ್ಟಿ ಒಂದು ಮೊಟ್ಟೆ. ಕಾಲ, ಜಾಗ, ಕಥೆಯ ತರ್ಕ ಯಾವುದೂ ಅವನನ್ನು ಕಟ್ಟಿಹಾಕದು. ಸಂಬಳದ ಪಾಳಿಯಾಗಲಿ ಹೋಟೆಲಾಗಲಿ ಇಲ್ಲಿಲ್ಲ. ಫ್ಲಂಪ್ಟಿಗೆ ಆಡಬೇಕೆನಿಸಿದೆ, ಆದ್ದರಿಂದ ನೀವು ಅಲ್ಲಿದ್ದೀರಿ. ಬರ್ತ್‌ಡೇ ಬಾಯ್ ಬ್ಲಾಮ್, ಗ್ರಂಕ್‌ಫಸ್ ಎಂಬ ವಿದೂಷಕ, ಗೂಬೆ, ಬೀವರ್ ಅವನ ಸಂಗಾತಿಗಳು. ಎರಡನೆಯ ಭಾಗದಲ್ಲಿ ರೆಡ್‌ಮ್ಯಾನ್ ಎಂಬವನು ಲ್ಯಾಪ್‌ಟಾಪಿನ ಪರದೆಯ ಮೇಲೆ ವೈರಸ್ಸಿನ ಕಿಟಕಿಯಾಗಿ ಮೂಡುತ್ತಾನೆ. ತಕ್ಷಣ ರದ್ದು ಮಾಡದಿದ್ದರೆ ಆಟ ಮುಗಿಯಿತು. ಕೋಣೆಯೊಳಗೆ ಬಂದವರಿಂದ ಪಾರಾಗಲು ದೀಪ ಆರಿಸಿ ಕತ್ತಲಲ್ಲಿ ಕೂರಬೇಕಾದದ್ದೂ ಅಲ್ಲೇ. ಮೊದಲ ಫ್ರೆಡ್ಡಿ ಆಟದಲ್ಲಿ ಬಾಗಿಲೇ ರಕ್ಷಣೆಯಾಗಿದ್ದರೆ ಇಲ್ಲಿ ಕತ್ತಲೇ ರಕ್ಷಣೆ. ನಗು ಮತ್ತು ಭಯವನ್ನು ಇಷ್ಟು ಹತ್ತಿರ ಕೂರಿಸಿದ ಅಭಿಮಾನಿ ಆಟ ಇನ್ನೊಂದಿಲ್ಲ. ಮೂರನೆಯ ಭಾಗ 2021ರ ಹ್ಯಾಲೋವೀನ್ ದಿನ ಹೊರಬಂದು ಸರಣಿ ಪೂರ್ತಿಯಾಯಿತು.

ನಿಕ್ಸನ್ ಎಂಬ ಕಾವ್ಯನಾಮದವರ ‘ದಿ ಜಾಯ್ ಆಫ್ ಕ್ರಿಯೇಷನ್’ ಸರಣಿ ಇವೆಲ್ಲಕ್ಕಿಂತ ಧಾಡಸಿಯದು. ಅನ್‌ರಿಯಲ್ ಎಂಜಿನ್ ಎಂಬ ಆಟ ತಯಾರಿಕೆಯ ತಂತ್ರಾಂಶ ಬಳಸಿ, ಕುರ್ಚಿಗೆ ಅಂಟಿಕೂತಿದ್ದ ಆಟಗಾರನನ್ನು ಎಬ್ಬಿಸಿ ಕತ್ತಲಲ್ಲಿ ನಡೆಸಿದ್ದು ‘ರಿಬಾರ್ನ್’ (2016). ಮರುವರ್ಷದ ‘ಸ್ಟೋರಿ ಮೋಡ್’ ಇನ್ನೂ ಮುಂದೆ ಹೋಗಿ ಬೊಂಬೆಗಳನ್ನು ಅವುಗಳ ಸೃಷ್ಟಿಕರ್ತನ ಮನೆಗೇ ಕಳಿಸಿತು. ಸುಟ್ಟು ಕರಕಲಾದ ಫ್ರೆಡ್ಡಿ, ಬಾನಿ, ಚಿಕಾ, ಫಾಕ್ಸಿ ಆಟ ಬರೆದವನನ್ನೂ ಅವನ ಹೆಂಡತಿ ಮಕ್ಕಳನ್ನೂ ಹುಡುಕಿಕೊಂಡು ಬರುತ್ತವೆ. ಮನೆಯ ಒಂದೊಂದು ಕೋಣೆಗೂ ಒಂದೊಂದು ಬಗೆಯ ಆಟವಿದೆ. ತನ್ನ ಕೈಯಿಂದ ಹುಟ್ಟಿದ್ದೇ ತನ್ನ ಮೇಲೆ ತಿರುಗಿಬೀಳುವುದು ಭಯದ ಸಾಹಿತ್ಯದಲ್ಲಿ ಹಳೆಯ ವಸ್ತು. ಆದರೆ ಬದುಕಿರುವ ಲೇಖಕನನ್ನೇ ಪಾತ್ರ ಮಾಡಿ, ಅವನ ಓದುಗನಂಥ ಅಭಿಮಾನಿಯೊಬ್ಬ ಅದನ್ನು ಬರೆದದ್ದರಲ್ಲಿ ಅಕ್ಕರೆಯೂ ಎದೆಗಾರಿಕೆಯೂ ಕೂಡಿವೆ. ಕಾಥನ್ ಇದಕ್ಕೆ ಮುನಿಯಲಿಲ್ಲ. ಮುಂದೆ ಬೆಂಬಲಿಸಿದ ಸರಣಿಗಳಲ್ಲಿ ಇದನ್ನೂ ಸೇರಿಸಿಕೊಂಡರು.

ಕೇನ್ ಕಾರ್ಟರ್ ಅವರ ‘ಪಾಪ್‌ಗೋಸ್’ (2016) ಪಾಪ್‌ಗೋಸ್ ಎಂಬ ವೀಸಲ್ ಪ್ರಾಣಿಯ ಪಿಜ್ಜಾ ಅಂಗಡಿಯಲ್ಲಿ ನಡೆಯುತ್ತದೆ. ಆಟಕ್ಕಿಂತ ಹಿಂದಿನ ಕಥೆಯ ದಟ್ಟಣೆಗೆ ಅದನ್ನು ಮೆಚ್ಚುವವರು ಹೆಚ್ಚು.

ಹಕ್ಕು, ಅನುಮತಿ, ಹಣ

ಅಭಿಮಾನಿ ಆಟ ಕಾನೂನಿನ ಕಣ್ಣಲ್ಲಿ ಸದಾ ಮೂಲ ಒಡೆಯನ ದಯೆಯಲ್ಲಿರುವ ವಸ್ತು. ಪಾತ್ರಗಳ ಕೃತಿಸ್ವಾಮ್ಯ ಅವನದು. ಅವನು ಒಂದು ನೋಟಿಸ್ ಕಳಿಸಿದರೆ ವರ್ಷಗಟ್ಟಲೆಯ ದುಡಿಮೆ ಒಂದೇ ದಿನದಲ್ಲಿ ಮಾಯವಾಗಬಹುದು. ಹಳೆಯ ಮೆಟ್ರಾಯ್ಡ್ ಆಟವೊಂದನ್ನು ಅಭಿಮಾನಿಯೊಬ್ಬ ಬಹುಕಾಲ ಶ್ರಮಿಸಿ ಮರುರೂಪಿಸಿ 2016ರ ಆಗಸ್ಟ್‌ನಲ್ಲಿ ಬಿಡುಗಡೆ ಮಾಡಿದಾಗ ಮೂಲದ ಒಡೆಯ ಸಂಸ್ಥೆ ನಿಂಟೆಂಡೊ ಕೂಡಲೇ ಅದನ್ನು ತೆಗೆಸಿಹಾಕಿತು. ಸೆಗಾ ಸಂಸ್ಥೆ ಬೇರೆ ದಾರಿ ಹಿಡಿದು, ಸೋನಿಕ್ ಅಭಿಮಾನಿ ಆಟಗಳನ್ನು ಮಾಡುತ್ತಿದ್ದವರಿಗೇ ‘ಸೋನಿಕ್ ಮೇನಿಯಾ’ (2017) ತಯಾರಿಸುವ ಕೆಲಸ ಕೊಟ್ಟಿತು. ಕಾಥನ್ ಇವೆರಡಕ್ಕಿಂತ ಉದಾರಿ. ಉಚಿತವಾಗಿ ಹಂಚುವ ಅಭಿಮಾನಿ ಆಟಗಳಿಗೆ ಅವರು ಮೊದಲಿನಿಂದಲೂ ಅಡ್ಡಿಪಡಿಸಲಿಲ್ಲ. ಒಂಟಿಯಾಗಿ ಆಟ ಮಾಡಿ ಟೀಕೆ ತಿಂದ ಅನುಭವ ಅವರಿಗೆ ಸ್ವತಃ ಇತ್ತು. ಬೇರೆ ಒಂಟಿ ತಯಾರಕರ ಕಷ್ಟ ಅವರಿಗೆ ಅರ್ಥವಾದದ್ದರಲ್ಲಿ ಆಶ್ಚರ್ಯವಿಲ್ಲ.

2020ರ ಆಗಸ್ಟ್‌ನಲ್ಲಿ ಅವರು ‘ಫಾಜ್‌ಬೇರ್ ಫ್ಯಾನ್‌ವರ್ಸ್ ಇನಿಶಿಯೇಟಿವ್’ ಎಂಬ ಯೋಜನೆ ಪ್ರಕಟಿಸಿದರು. ಆಯ್ದ ಅಭಿಮಾನಿ ಸರಣಿಗಳ ತಯಾರಿಕೆಗೆ ಹಣ ಕೊಡುವುದು, ಪ್ರಕಟಣೆಗೆ ನೆರವಾಗುವುದು, ಮೊಬೈಲ್ ಮತ್ತು ಕನ್ಸೋಲ್‌ಗಳಿಗೆ ತರುವುದು ಅದರ ಗುರಿ. ಮೇಲೆ ಹೇಳಿದ ಕ್ಯಾಂಡೀಸ್, ಫ್ಲಂಪ್ಟೀಸ್, ಜಾಯ್ ಆಫ್ ಕ್ರಿಯೇಷನ್, ಪಾಪ್‌ಗೋಸ್ ನಾಲ್ಕೂ ಇದರಲ್ಲಿದ್ದವು. ಮೊದಲ ಆಟವನ್ನೇ ವಿಸ್ತರಿಸಿ ಹೇಳಹೊರಟ ‘ಫೈವ್ ನೈಟ್ಸ್ ಅಟ್ ಫ್ರೆಡ್ಡೀಸ್ ಪ್ಲಸ್’ ಎಂಬ ಐದನೆಯದೂ ಇತ್ತು. ಅದು ಮುಂದೆ ರದ್ದಾಯಿತು. ಫ್ಲಂಪ್ಟೀಸ್ ಮೊಬೈಲಿಗೆ ಬಂತು. ಕಾಥನ್ 2021ರ ಜೂನ್‌ನಲ್ಲಿ ಆಟ ತಯಾರಿಕೆಯಿಂದ ನಿವೃತ್ತಿ ಘೋಷಿಸಿದ ಮೇಲೂ ಯೋಜನೆ ನಿಲ್ಲಲಿಲ್ಲ. ಹವ್ಯಾಸಿಗಳಿಗೆ ಇದರಿಂದ ಸಿಕ್ಕ ದೊಡ್ಡ ಲಾಭ ಹಣಕ್ಕಿಂತ ಹಕ್ಕಿನದು: ತಮ್ಮ ಆಟವನ್ನು ಹೆದರಿಕೆಯಿಲ್ಲದೆ ಮಾರಬಹುದಾದ ಸ್ಥಿತಿ.

ದುರ್ಬಲ ಪಕ್ಷ

ಈ ವಲಯದ ಬಹುಪಾಲು ಉತ್ಪನ್ನ ಕಳಪೆ ಎಂಬುದನ್ನು ಮುಚ್ಚಿಡಬೇಕಿಲ್ಲ. ಮೂಲದ ಬೊಂಬೆಗಳಿಗೆ ಬೇರೆ ಬಣ್ಣ ಬಳಿದವು, ಬೇರೆಯವರ ಮಾಡೆಲ್‌ಗಳನ್ನು ಕೇಳದೆ ಎತ್ತಿಕೊಂಡವು, ಟ್ರೈಲರ್ ಬಿಟ್ಟು ಆಟ ಮುಗಿಸದೆ ನಿಂತವು ಹೇರಳವಾಗಿವೆ. ಸಾಮಾನ್ಯ ದೋಷವೆಂದರೆ ಹಠಾತ್ತನೆ ಎರಗಿ ಬೆಚ್ಚಿಬೀಳಿಸುವ ಜಂಪ್‌ಸ್ಕೇರ್‌ಗಳ ಅತಿಬಳಕೆ. ಮೂಲದಲ್ಲಿ ಎರಗುವಿಕೆ ಸೋತ ಆಟಗಾರನಿಗೆ ಸಿಗುವ ದಂಡ. ಅಲ್ಲಿಯವರೆಗಿನ ಕಾಯುವಿಕೆಯೇ ನಿಜವಾದ ಭಯ. ನಕಲುಗಾರರು ದಂಡವನ್ನು ಹಿಡಿದುಕೊಂಡು ಕಾಯುವಿಕೆಯನ್ನು ಬಿಟ್ಟರು. ಕಷ್ಟವನ್ನೇ ಭಯವೆಂದು ತಪ್ಪು ತಿಳಿಯುವುದು ಇನ್ನೊಂದು ದೋಷ. ಒಂದೇ ಹೊತ್ತಿಗೆ ಎಂಟು ಹತ್ತು ಬೊಂಬೆಗಳನ್ನು ನಿಭಾಯಿಸಬೇಕಾದಾಗ ಆಟಗಾರನಿಗೆ ಹೆದರಲು ಪುರುಸೊತ್ತೇ ಇರುವುದಿಲ್ಲ. ಹಾಗಿದ್ದರೂ ಈ ಅರೆಬೆಂದ ಆಟಗಳನ್ನು ಮಾಡುತ್ತಲೇ ಎಷ್ಟೋ ಹುಡುಗರು ಮಾಡೆಲಿಂಗ್, ಧ್ವನಿ ಜೋಡಣೆ, ಆಟದ ತರ್ಕ ಕಲಿತರು. ಕ್ಯಾಂಡೀಸ್ ಕೂಡ ಅಂಥ ಕಲಿಕೆಯ ಅಂಗಳದಿಂದಲೇ ಎದ್ದು ಬಂದದ್ದು.

ಹಿಮ್ಮುಖ ಹರಿವು

ಅಭಿಮಾನಿಗಳ ಕೆಲಸ ಮೂಲಕ್ಕೆ ಮರಳಿ ಹರಿದದ್ದೂ ಉಂಟು. ಎಮ್ಮಾ ಟಾಮಿ ನಿರ್ದೇಶನದಲ್ಲಿ ಬ್ಲಮ್‌ಹೌಸ್ ಸಂಸ್ಥೆ 2023ರ ಅಕ್ಟೋಬರ್‌ನಲ್ಲಿ ತೆರೆಗೆ ತಂದ ‘ಫೈವ್ ನೈಟ್ಸ್ ಅಟ್ ಫ್ರೆಡ್ಡೀಸ್’ ಸಿನಿಮಾದಲ್ಲಿ ಜಿಮ್ ಹೆನ್ಸನ್ಸ್ ಕ್ರಿಯೇಚರ್ ಶಾಪ್ ನಿಜವಾದ ಯಂತ್ರಬೊಂಬೆಗಳನ್ನು ಕಟ್ಟಿಕೊಟ್ಟಿತು. ಕೊನೆಯ ಹೆಸರುಪಟ್ಟಿಗೆ ಬಳಸಿದ್ದು ಮಾತ್ರ 2014ರಲ್ಲಿ ದಿ ಲಿವಿಂಗ್ ಟೂಂಬ್‌ಸ್ಟೋನ್ ತಂಡ ಅಭಿಮಾನದಿಂದ ಮಾಡಿ ಅಂತರ್ಜಾಲಕ್ಕೆ ಹಾಕಿದ್ದ ಹಾಡು. ಆಟದ ಕಥೆಯ ಬಗ್ಗೆ ವರ್ಷಗಟ್ಟಲೆ ಊಹೆಗಳನ್ನು ಹೆಣೆದ ಯೂಟ್ಯೂಬರ್ ಮ್ಯಾಟ್‌ಪ್ಯಾಟ್ ಹೋಟೆಲ್ ಮಾಣಿಯಾಗಿ ಒಂದು ದೃಶ್ಯದಲ್ಲಿ ಕಾಣಿಸಿಕೊಂಡರು.

ಮಕ್ಕಳ ಮುದ್ದು ಪಾತ್ರಗಳೇ ಬೆದರಿಸುವ ಆಟಗಳಿಗೆ ಈಗ ‘ಮ್ಯಾಸ್ಕಾಟ್ ಹಾರರ್’ ಎಂಬ ಹೆಸರು ನಿಂತಿದೆ. ‘ಬೆಂಡಿ ಆಂಡ್ ದಿ ಇಂಕ್ ಮೆಷೀನ್’ (2017), ‘ಪಾಪಿ ಪ್ಲೇಟೈಮ್’ (2021) ಈ ಸಾಲಿನಲ್ಲಿ ಜನಪ್ರಿಯವಾದವು. ಇವು ಸ್ವತಂತ್ರ ಕೃತಿಗಳು, ಆಟಗಾರನಿಗೆ ಕುರ್ಚಿಯ ಬದಲು ನಡೆದಾಡಲು ಇಡೀ ಕಟ್ಟಡವನ್ನೇ ಕೊಡುತ್ತವೆ. ಇವಕ್ಕೂ ಈಗ ತಮ್ಮದೇ ಅಭಿಮಾನಿ ಆಟಗಳಿವೆ.